ಕೊಪ್ಪೆಯೊಳಗಿನ ಸಾಕ್ಷಿ

ನಮ್ಮತ್ತೆ ದುಗ್ಗಮ್ಮನಿಗೆ ಸುಮ್ಮನಿರಲು ಬರುವುದಿಲ್ಲ. ಒಲೆ ಮುಂದೆ ಕೂತರೆ ಒಲೆಗೆ ಬೈಯುತ್ತಾರೆ, ಕೊಟ್ಟಿಗೆಗೆ ಹೋದರೆ ಎಮ್ಮೆಗೆ ಬುದ್ಧಿ ಹೇಳುತ್ತಾರೆ. ಕೋಣಂದೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿಯಿದೆ. ದಿನವಿಡೀ ಮಿಷನ್ ಸದ್ದು ಕೇಳಿ ಮನೆಗೆ ಬಂದರೆ ಅಲ್ಲೂ ಇನ್ನೊಂದು ಮಿಷನ್ ಓಡುತ್ತಿರುತ್ತದೆ. ಮದುವೆಯಾದ ಹೊಸತರಲ್ಲಿ ತಲೆ ಚಿಟ್ಟು ಹಿಡಿಯುತ್ತಿತ್ತು, ಈಗ ಆ ಸದ್ದಿಲ್ಲದಿದ್ದರೆ ನನಗೇ ಊಟ ಸೇರುವುದಿಲ್ಲ.

ಊರಿನ ನಟ್ಟಿ ಗುಂಪಿಗೂ ಅತ್ತೆಯೇ ಬಾಯಿ. ನಮ್ಮಲ್ಲಿ ಭತ್ತದ ಸಸಿ ನೆಡುವುದು ಮುಯ್ಯಾಳಿನ ಮೇಲೆ. ಇವತ್ತು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಕೂಲಿ ಇಲ್ಲ, ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಜ್ವರ ಬಂದರೆ ಮನೆಯಿಂದ ಬೇರೆ ಯಾರಾದರೂ ಹೋಗಬೇಕು. ಸಾಲಿನಲ್ಲಿ ಅತ್ತೆಯ ಪಕ್ಕದಲ್ಲಿ ಯಾವಾಗಲೂ ಹೇಮಾವತಮ್ಮ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಇವರ ಹೆರಿಗೆಗೆ ಅವರು, ಅವರ ಹೆರಿಗೆಗೆ ಇವರು ನಿಂತವರು.

ಎರಡು ವರ್ಷದ ಹಿಂದೆ ರಸ್ತೆ ಬದಿಯ ಗದ್ದೆಯಲ್ಲಿ ನಟ್ಟಿ ನಡೆಯುತ್ತಿದ್ದಾಗ ಹೇಮಾವತಮ್ಮನ ಗಂಡ ಭೂತಪ್ಪಣ್ಣ ಸಸಿಯ ಹೊರೆ ಹೊತ್ತು ರಸ್ತೆ ದಾಟುತ್ತಿದ್ದರು. ಹೊಸನಗರದ ಕಡೆಯ ಸುನಿಲ್ ಎಂಬ ಹುಡುಗನ ಪಿಕಪ್ ಅವರಿಗೆ ಬಡಿಯಿತು. ಅದೇ ಗಾಡಿಯಲ್ಲಿ ಅವನೇ ಅವರನ್ನು ಆಸ್ಪತ್ರೆಗೆ ಒಯ್ದ. ಕಾಲಿಗೆ ರಾಡ್ ಹಾಕಿದರು, ಜೀವ ಉಳಿಯಿತು, ಕುಂಟು ಉಳಿಯಿತು. ಭೂತಪ್ಪಣ್ಣನಿಗೆ ಬಡಿದದ್ದೊಂದು ಬಿಟ್ಟು ಬೇರೇನೂ ನೆನಪಿಲ್ಲ.

ಆದರೆ ಗುಂಪಿಗೆ ಎಲ್ಲ ನೆನಪಿತ್ತು. ಮುಂದಿನ ಗದ್ದೆ, ಅದರ ಮುಂದಿನ ಗದ್ದೆ ಎಂದು ಸುತ್ತುತ್ತಾ ಇದೇ ಮಾತು. ಹುಡುಗ ಜೋರಾಗಿ ಬಂದ ಎಂದು ಒಬ್ಬಳು ಅಂದಳು. ಕಿವಿಗೆ ಫೋನಿತ್ತು ಎಂದು ಇನ್ನೊಬ್ಬಳು. ಫೋನಿನಲ್ಲಿ ನಗುತ್ತಿದ್ದ ಎಂದು ನಮ್ಮತ್ತೆ. ಪೊಲೀಸರು ಬಂದು ಕೇಳುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಕಥೆ, ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಸುನಿಲ್ ಮೇಲೆ ಕೇಸಾಯಿತು, ಎಲ್ಲರೂ ಸಾಕ್ಷಿಗಳಾದರು.

ಇವರ್ಯಾರೂ ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಇದನ್ನು ಎಷ್ಟು ಹೇಳಿದರೂ ನಮ್ಮನೆಯವರು ಒಪ್ಪುವುದಿಲ್ಲ, ಆದರೆ ಬಡಿದ ದಿನ ಅಂಗಡಿಯಲ್ಲಿದ್ದರೂ ಆಮೇಲಿನ ಗದ್ದೆಗಳಲ್ಲಿ ನಾನು ಆ ಸಾಲಿನಲ್ಲಿ ನಿಂತವಳು, ನನಗೆ ಗೊತ್ತು. ಅವರಿಗೆ ನಿಜವಾಗಿಯೂ ನೋಡಿದ ಹಾಗೇ ಇತ್ತು.

ಸಮನ್ಸ್ ಬಂದದ್ದು ಈ ವರ್ಷದ ನಟ್ಟಿಯ ನಡುವೆ. ಅದೇ ವಾರ ಊರಿನ ಹಿರಿಯ ಮಂಜುನಾಥಪ್ಪನವರ ಗದ್ದೆಯಲ್ಲಿ ನಾವೆಲ್ಲ ಇದ್ದೆವು. ಮಳೆ ಹೊಯ್ಯುತ್ತಿತ್ತು, ಎಲ್ಲರೂ ಪ್ಲಾಸ್ಟಿಕ್ ಕೊಪ್ಪೆ ಹಾಕಿದ್ದೆವು. ಕೊಪ್ಪೆ ತಲೆ ಮೇಲಿಂದ ಮುಖದ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ಬಗ್ಗಿದರೆ ಕಾಣುವುದು ಕೆಸರು, ಸಸಿ, ನಮ್ಮ ಕೈ, ಅಷ್ಟೇ. ಆಗ ರಸ್ತೆಯಲ್ಲಿ ಕಿರ್ರೆಂದು ಬ್ರೇಕ್ ಬಿತ್ತು. ಸೊಂಟ ಎತ್ತಿ, ಕೊಪ್ಪೆ ಸರಿಸಿ, ತಿರುಗುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

"ಎಂಥ ಗಾಡಿ ಅದು?" ಅಂದರು ಅತ್ತೆ.

"ಬಸ್ಸು."

"ಬಸ್ಸೆಲ್ಲಿ ಬಂತು ಈ ಹೊತ್ತಿಗೆ? ಲಾರಿ."

"ಹೌದೇ, ಲಾರಿ. ನಾಟಾ ತುಂಬಿತ್ತು."

ಚಾ ಬರುವ ಹೊತ್ತಿಗೆ ಮರದ ನಾಟಾ ತುಂಬಿದ ಲಾರಿ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು. ನನಗೂ ಆಗಿತ್ತು, ಅದರ ಬಣ್ಣ ಕೂಡ ಕಂಡ ಹಾಗಿತ್ತು. ಚಾ ತಂದ ಮಂಜುನಾಥಪ್ಪನವರು, "ಹಾಲಿನ ವ್ಯಾನ್ ಮಾರಾಯ್ರೇ, ನಾಯಿ ಅಡ್ಡ ಬಂತು. ನಾನು ಗೇಟಲ್ಲೇ ನಿಂತಿದ್ದೆ" ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ನಗಲಿಲ್ಲ.

ಮನೆಗೆ ಬಂದು ಒಲೆ ಮುಂದೆ ಕೂತರು. ಒಲೆಗೂ ಬೈಯಲಿಲ್ಲ. ನನಗೆ ಗಾಬರಿಯಾಯಿತು.

"ಪ್ರತಿಮಾ, ಅವತ್ತೂ ಹಿಂಗೇ ಮಳೆ. ನಾನು ಕೊಪ್ಪೆ ಹಾಕಿದ್ದೆ. ಬಗ್ಗಿದ್ದೆ."

"ಹ್ಞೂಂ."

"ನಗ್ತಿದ್ದ ಅಂತ ಹೇಳಿದ್ದು ನಾನೇ ಕಣೇ. ಅವ್ನು ನಕ್ಕಿದ್ದು ನಾನೆಲ್ಲಿಂದ ನೋಡ್ಲಿ?"

ನಾನು ಒಳ್ಳೆಯ ಸೊಸೆಯ ಹಾಗೆ ಏನಾದರೂ ಘನವಾದ ಮಾತು ಹೇಳಿದೆ ಅಂದುಕೊಳ್ಳಬೇಡಿ. "ಅತ್ತೆ, ಹೋಗಿ ಎಲ್ರೂ ಹೇಳಿದ್ದನ್ನೇ ಹೇಳಿ ಬಂದ್ಬಿಡಿ. ನಮ್ಮ ಗದ್ದೆ ನಟ್ಟಿ ಇನ್ನೂ ಬಾಕಿ ಇದೆ" ಅಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಆ ರಾತ್ರಿ ಪಾತ್ರೆಯೆಲ್ಲ ನಾನೇ ತೊಳೆದೆ.

ಮರುದಿನ ಬೆಳಿಗ್ಗೆ ಹೇಮಾವತಮ್ಮನ ಮನೆಗೆ ಹೋದರು. ಕೋರ್ಟಿನಲ್ಲಿ ಹೇಳುವ ಮೊದಲು ಗೆಳತಿಗೆ ಹೇಳದಿದ್ದರೆ ತಪ್ಪಾಗುತ್ತದೆ ಎಂದು. ನಾನೂ ಜೊತೆಗಿದ್ದೆ. ಹೇಮಾವತಮ್ಮ ಪೂರ್ತಿ ಕೇಳಿಸಿಕೊಂಡರು.

"ನನ್ನ ಗಂಡ ಕುಂಟ್ತಾ ಇರೋದೂ ಸುಳ್ಳಾ ಹಂಗಾದ್ರೆ?"

"ಹಂಗಲ್ಲ ಹೇಮಾ..."

"ನಡಿ ದುಗ್ಗಿ. ನಂಗೆ ಕೊಟ್ಟಿಗೆ ಕೆಲ್ಸ ಇದೆ."

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮಂಜುನಾಥಪ್ಪನವರು ಮನೆಗೇ ಬಂದು, "ಊರಿನ ಮಾತು ಒಂದೇ ಇರ್ಬೇಕು ದುಗ್ಗಮ್ಮ. ಹೊರಗಿನ ಹುಡುಗನಿಗೋಸ್ಕರ ನಮ್ಮೋರನ್ನ ಬಿಟ್ಕೊಡ್ತೀಯಾ?" ಎಂದು ಮೆತ್ತಗೇ ಕೇಳಿದರು. ಮೆತ್ತಗೆ ಕೇಳಿದ್ದಕ್ಕೇ ಹೆಚ್ಚು ಹೆದರಿಕೆಯಾಯಿತು.

ತೀರ್ಥಹಳ್ಳಿ ಕೋರ್ಟಿನ ವರಾಂಡದಲ್ಲಿ ಸುನಿಲ್ ಕಂಬಕ್ಕೆ ಒರಗಿ ನಿಂತಿದ್ದ. ನಮ್ಮ ಕಡೆಯವರನ್ನು ಕಂಡು ತಲೆ ತಗ್ಗಿಸಿದ. ಅತ್ತೆಯ ಹೆಸರು ಕೂಗಿದರು. ಅವರು ಸೆರಗು ಸರಿಮಾಡಿಕೊಂಡು ಕಟಕಟೆ ಹತ್ತಿದರು, ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಸರ್ಕಾರಿ ವಕೀಲರು ಘಟನೆ ಹೇಳಿ ಅಂದರು.

"ನಟ್ಟಿ ಮಾಡ್ತಿದ್ದೆ ಸ್ವಾಮಿ, ಬಗ್ಗಿದ್ದೆ. ಸದ್ದು ಕೇಳ್ತು. ಎದ್ದು ನೋಡೋ ಹೊತ್ತಿಗೆ ಭೂತಪ್ಪ ಬಿದ್ದಿದ್ದ, ಈ ಹುಡ್ಗ ಗಾಡಿಯಿಂದ ಇಳ್ದು ಓಡಿ ಬರ್ತಿದ್ದ. ಬಡಿದಿದ್ದು ನಾನು ನೋಡಿಲ್ಲ."

ವಕೀಲರು ಕಡತ ತಿರುವಿದರು. ಪೊಲೀಸರ ಮುಂದೆ ಆರೋಪಿ ಫೋನಿನಲ್ಲಿ ನಗುತ್ತಿದ್ದ ಎಂದು ಹೇಳಿದ್ದೀರಲ್ಲ ಎಂದು ದನಿ ಏರಿಸಿದರು.

"ಹೇಳಿದ್ದು ಹೌದು. ಆ ನಗು ನಾನು ಸೇರ್ಸಿದ್ದು. ಬೇಕಂತ ಅಲ್ಲ. ಎಲ್ರೂ ಮಾತಾಡ್ತಾ ಮಾತಾಡ್ತಾ ಕಣ್ಣಿಗೆ ಕಟ್ಟಿದಂಗಾಗಿತ್ತು."

ಈ ಸಾಕ್ಷಿ ಆರೋಪಿಯ ಪರ ತಿರುಗಿದ್ದಾರೆ ಎಂದು ವಕೀಲರು ಅರಿಕೆ ಮಾಡಿದರು. ನ್ಯಾಯಾಧೀಶರು ಹೆಂಗಸು. ಕನ್ನಡಕ ತೆಗೆದು, "ನಿಮ್ಮನ್ನು ಯಾರಾದರೂ ಹೆದರಿಸಿದ್ದಾರಾ ಅಮ್ಮಾ?" ಎಂದು ಕೇಳಿದರು.

"ಆ ಹುಡುಗನ ಕಡೆಯೋರು ಯಾರೂ ಇಲ್ಲ ತಾಯಿ. ಹೆದ್ರಿಕೆ ಏನಿದ್ರೂ ನಮ್ಮೂರೋರದ್ದೇ."

ಕೋರ್ಟು ನಕ್ಕಿತು. ಬಾಗಿಲಾಚೆ ವರಾಂಡದಲ್ಲಿ ಕಾಯುತ್ತಿದ್ದ ಹೇಮಾವತಮ್ಮ ನಗಲಿಲ್ಲ. ಉಳಿದ ಸಾಕ್ಷಿಗಳಿಗೆ ಮುಂದಿನ ವಾರದ ವಾಯಿದೆ ಕೊಟ್ಟರು. ವಾಪಸ್ ಬಸ್ಸಿನಲ್ಲಿ ಊರಿನವರೆಲ್ಲ ಮುಂದೆ, ನಾವಿಬ್ಬರೇ ಹಿಂದಿನ ಸೀಟಿನಲ್ಲಿ.

ನಮ್ಮ ಗದ್ದೆಯ ನಟ್ಟಿಗೆ ಯಾರೂ ಬರಲಿಲ್ಲ. ಒಬ್ಬಳಿಗೆ ಬೆನ್ನುನೋವು, ಇನ್ನೊಬ್ಬಳಿಗೆ ತವರಿನಲ್ಲಿ ಶ್ರಾದ್ಧ. ಆಷಾಢದಲ್ಲಿ ಊರಿಗೆ ಊರೇ ಇಷ್ಟು ಕಾಯಿಲೆ ಬಿದ್ದದ್ದನ್ನು ನಾನು ಕಂಡಿಲ್ಲ. ಅತ್ತೆ, ನಾನು, ನಮ್ಮನೆಯವರು ಮೂರೇ ಜನ ಇಳಿದೆವು. ಹೊಲಿಗೆ ನೇರ ಹಾಕುವ ನನಗೆ ಸಸಿಯ ಸಾಲು ನೇರ ಬರಲಿಲ್ಲ. ಅತ್ತೆ ಅದಕ್ಕೂ ಬೈಯದೆ ಸುಮ್ಮನೆ ನೆಡುತ್ತಿದ್ದರು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನೆಡುತ್ತಿದ್ದರು, ಅಭ್ಯಾಸ. ನನಗೆ ಅಳು ಬಂತು. ಮಳೆಯಿತ್ತು, ಯಾರಿಗೂ ಕಾಣಲಿಲ್ಲ.

ಮುಂದಿನ ವಾಯಿದೆಯ ದಿನ ಅತ್ತೆ ಬೆಳಿಗ್ಗೆಯೇ ಸೀರೆ ಉಟ್ಟು ನಿಂತಿದ್ದರು.

"ನಿಮ್ಮ ಸಾಕ್ಷಿ ಮುಗೀತಲ್ಲ ಅತ್ತೆ, ಇನ್ನೆಂತಕ್ಕೆ? ಉಗಿಸ್ಕೊಳ್ಳೋಕಾ?"

"ಇವತ್ತು ಹೇಮಾಂದು. ಆ ಕಟಕಟೆ ಹತ್ತಿದ್ರೆ ಕಾಲು ನಡುಗ್ತಾವೆ ಕಣೇ. ಅವಳು ಏನು ಬೇಕಾದ್ರೂ ಹೇಳ್ಲಿ. ಒಬ್ಳೇ ಅಂತ ಅನ್ನಿಸ್ಬಾರದು."

ಅಂಗಡಿಗೆ ಬೀಗ ಹಾಕಿ ನಾನೂ ಹೊರಟೆ.

ಹೇಮಾವತಮ್ಮ ಕಟಕಟೆ ಏರಿದರು. ಎದುರಿಗೆ ಭೂತಪ್ಪಣ್ಣ ಕೋಲು ಹಿಡಿದು ಕೂತಿದ್ದರು, ಆ ಕಡೆ ಸುನಿಲ್. ಸರ್ಕಾರಿ ವಕೀಲರು ಪ್ರಶ್ನೆ ಕೇಳಿದರು. ಹೇಮಾವತಮ್ಮ ಗಂಡನನ್ನು ನೋಡಿದರು, ಆಮೇಲೆ ಹಿಂದಿನ ಬೆಂಚಿನಲ್ಲಿದ್ದ ಅತ್ತೆಯನ್ನು ನೋಡಿದರು.

"ಸದ್ದು ಕೇಳ್ತು ಸ್ವಾಮಿ. ಆಮೇಲೆ ನಮ್ಮೋರು ಬಿದ್ದಿದ್ದು ನೋಡ್ದೆ. ಬಡಿದಿದ್ದು ನಾನೂ ನೋಡಿಲ್ಲ."

ಭೂತಪ್ಪಣ್ಣ ತಲೆ ಎತ್ತಲಿಲ್ಲ, ಆದರೆ ಇಲ್ಲ ಎಂದೂ ಅನ್ನಲಿಲ್ಲ. ಅವರ ನಂತರ ಬಂದವಳಂತೂ ಕೇಳುವ ಮೊದಲೇ, ತಾನು ಆಗ ಆಚೆ ಸಸಿಮಡಿಯಲ್ಲಿ ಸಸಿ ಕೀಳುತ್ತಿದ್ದೆ ಎಂದುಬಿಟ್ಟಳು. ತೀರ್ಪು ಇನ್ನೂ ಬರಬೇಕು. ಸುನಿಲ್ ಮಾತ್ರ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಇದು ನಾನು ಕಣ್ಣಾರೆ ನೋಡಿದ್ದು.

ಬಸ್ ಸ್ಟ್ಯಾಂಡಿನಲ್ಲಿ ಹೇಮಾವತಮ್ಮ ತಾವಾಗಿಯೇ ಹತ್ತಿರ ಬಂದರು.

"ನಗ್ತಿದ್ದ ಅಂದ್ಯಲ್ಲ ದುಗ್ಗಿ. ಎರಡು ವರ್ಷ ಆ ನಗು ನೆನಸ್ಕೊಂಡು ಉರ್ದಿದೀನಿ. ನಿನ್ನ ಮೇಲೆ ಸಿಟ್ಟಿದೆ, ಬೇಗ ಹೋಗಲ್ಲ ಅದು."

"ಇರ್ಲಿ" ಅಂದರು ಅತ್ತೆ.

"ನಾಳೆ ನಮ್ಮ ಕೆಳಗಿನ ಗದ್ದೆ ನಟ್ಟಿ. ಬರ್ತೀಯೋ ಇಲ್ವೋ ಹೇಳು, ಬಸ್ ಬಂತು."

ಅಷ್ಟು ಜನರ ಮುಂದೆ ಕಟಕಟೆಯಲ್ಲಿ ಮಾತಾಡಿದ ನಮ್ಮತ್ತೆ ಹ್ಞೂಂ ಎಂಬಂತೆ ತಲೆಯಾಡಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಬಸ್ಸು ಹತ್ತಿದರು. ಹೇಮಾವತಮ್ಮ ಕಿಟಕಿ ಕಡೆ ಸರಿದು ಜಾಗ ಕೊಟ್ಟರು.