ಹೊಸಿಲಾಚೆಯ ಚಪ್ಪಲಿ

ನಮ್ಮ ಬೀದಿಯ ಡಾಕ್ಟರನ್ನು ಎಲ್ಲರೂ ಬೆನ್ನ ಹಿಂದೆ ‘ಚಪ್ಪಲಿ ಡಾಕ್ಟರು’ ಅನ್ನುತ್ತಿದ್ದರು. ಅದು ಬೈಗುಳವಲ್ಲ. ಅವರ ಕುರ್ಚಿಯಿಂದ ನೋಡಿದರೆ ಹೊಸಿಲಾಚೆ ಬಿಟ್ಟ ಚಪ್ಪಲಿಗಳು ನೇರವಾಗಿ ಕಾಣುತ್ತಿದ್ದವು. ಚೀಟಿ ಬರೆಯುವ ಮೊದಲು ಅವರು ಒಮ್ಮೆ ಅತ್ತ ಕಣ್ಣು ಹಾಯಿಸುತ್ತಿದ್ದರು. ಹಿಮ್ಮಡಿ ಸವೆದಿದ್ದರೆ ಅಗ್ಗದ ಮಾತ್ರೆ, ದುಬಾರಿ ಪರೀಕ್ಷೆಯ ಸುದ್ದಿಯೇ ಇಲ್ಲ. ದುಡ್ಡಿದೆಯಾ ಎಂದು ಕೇಳಿ ಯಾರನ್ನೂ ತಲೆ ತಗ್ಗಿಸುವಂತೆ ಮಾಡಬಾರದು ಎಂಬುದು ಅವರ ಮನಸ್ಸಿನಲ್ಲಿತ್ತು.

ನನ್ನ ಅತ್ತೆಗೆ ಮಾತ್ರ ಅವರನ್ನು ಕಂಡರೆ ತಮಾಷೆ.

“ಡಾಕ್ಟ್ರೇ, ನನ್ನ ನಾಡಿ ಕೈಯಲ್ಲಿದೆ, ಚಪ್ಪಲೀಲಿ ಅಲ್ಲ!”

ಡಾಕ್ಟರು ಕಿವಿ ಕೆಂಪಾಗುವಷ್ಟು ನಗುತ್ತಿದ್ದರು.

ಅತ್ತೆಗೆ ಮೂರು ವಾರದಿಂದ ತಲೆನೋವಿತ್ತು, ಕಣ್ಣು ಮಂಜಾಗುತ್ತಿತ್ತು. ಆ ದಿನ ಅವಳು ಪಿನ್ನು ಚುಚ್ಚಿದ ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿದ್ದಳು. ಒಳ್ಳೆಯ ಜೋಡಿ ಮಂಚದ ಕೆಳಗೆ ಡಬ್ಬಿಯಲ್ಲಿತ್ತು. ಡಾಕ್ಟರು ಸ್ಕ್ಯಾನ್ ಬರೆಯಲು ಪೆನ್ನು ಎತ್ತಿದರು, ಪಿನ್ನು ನೋಡಿದರು, ಮಾತ್ರೆ ಬರೆದರು.

“ಒಂದು ತಿಂಗಳು ನೋಡೋಣಮ್ಮ.”

ಇಪ್ಪತ್ತನೇ ದಿನ ಅತ್ತೆ ನಲ್ಲಿಯ ಹತ್ತಿರ ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ತಲೆಯೊಳಗೆ ಗಡ್ಡೆ ಇದೆ, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಅಂದರು. ಅವಳು ಮನೆಗೆ ಬರಲಿಲ್ಲ.

ಮಾವ ದರ್ಜಿ. ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತು ಹೇಳಿದರು:

“ಎರಡು ಮೆಷಿನ್ ಇದ್ವು ಡಾಕ್ಟ್ರೇ. ಒಂದು ಮಾರ್ತಿದ್ದೆ. ನೀವು ಕೇಳಲೇ ಇಲ್ಲ.”

ಆಮೇಲೆ ಮಾವ ಅತ್ತ ಹೋಗಲಿಲ್ಲ. ಡಾಕ್ಟರು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಯಾರೇ ಬರಲಿ, ಬೇಕಾದ ಪರೀಕ್ಷೆ, ಅದರ ಖರ್ಚು, ಬಿಟ್ಟರೆ ಆಗಬಹುದಾದ ಅಪಾಯ ಎಲ್ಲವನ್ನೂ ಬಿಡಿಸಿ ಹೇಳತೊಡಗಿದರು. ಮಾವನೇ ಹೊಲಿದುಕೊಟ್ಟಿದ್ದ ಅವರ ಅಂಗಿಯ ಕಾಲರು ನೂಲು ಬಿಟ್ಟಿತ್ತು. ಬೇರೆ ದರ್ಜಿಗೆ ಕೊಡಲಿಲ್ಲ. ದಿನವೂ ಮಾವನ ಅಂಗಡಿಯ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದರು. ಮಾವ ತಲೆ ಎತ್ತುತ್ತಿರಲಿಲ್ಲ.

ವರ್ಷದ ಮೇಲೆ ಮಾವನಿಗೆ ಎದೆಯಲ್ಲಿ ಬಿಗಿತ ಶುರುವಾಯಿತು. ಬರಿಗಾಲಲ್ಲೇ ಕ್ಲಿನಿಕ್ಕಿಗೆ ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದ್ದು.

“ಚಪ್ಪಲಿ ಮನೇಲೇ ಬಿಟ್ಟು ಬಂದೆ. ಈಗ ಏನ್ ನೋಡಿ ಬರೀತೀರಿ?”

“ನಿಮ್ಮನ್ನ ಕೇಳಿ ಬರೀತೀನಿ,” ಅಂದರು ಡಾಕ್ಟರು. ಎಲ್ಲವನ್ನೂ ಹೇಳಿದರು. ಕೊನೆಗೆ ಪೆನ್ನು ಕೆಳಗಿಟ್ಟರು.

“ಅವತ್ತು ಅವರಿಗೂ ಹೀಗೆ ಹೇಳಿದ್ದಿದ್ರೆ ಏನಂತಿದ್ರು?”

“ಇಷ್ಟು ದುಡ್ಡಾ ಅಂತ ಬಾಯಿಗೆ ಬಂದಂಗೆ ಬೈತಿದ್ಲು,” ಅಂದರು ಮಾವ. “ಆಮೇಲೆ ಮಾಡಿಸ್ಕೊಳ್ತಿದ್ಲು.”

ಇಬ್ಬರೂ ಹೊಸಿಲ ಕಡೆ ನೋಡಿದರಂತೆ. ಅಲ್ಲಿ ಒಂದು ಚಪ್ಪಲಿಯೂ ಇರಲಿಲ್ಲ.

“ಬರೀರಿ, ಮಾಡಿಸ್ತೀನಿ,” ಅಂದರು ಮಾವ. “ಆ ಅಂಗೀನೂ ಬಿಚ್ಚಿ ಕಳಿಸಿ. ನೋಡಕ್ಕಾಗ್ತಿಲ್ಲ.”