ಅಗ್ಗದ ಮೈಕಿನ ಮೇಲೆ ಗುಮಾನಿ

ಹದಿನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತು ಕಂಡವರ ಸಹಿ ತಾಳೆ ನೋಡಿದವನು ನಾನು. ಎದುರಿಗಿದ್ದವನು ಸುಮ್ಮನೆ ನಕ್ಕರೂ ಇವನೇನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತದೆ. ಧಾರವಾಡದಿಂದ ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದ ಬಾಡಿಗೆ ಮನೆ ಸೇರಿದ ಮೇಲೆ ಈ ಚಾಳಿ ಇನ್ನೂ ಹೆಚ್ಚಾಯಿತು. ಭಾಷೆ ಅರ್ಧಂಬರ್ಧ ತಿಳಿಯುವ ಊರಿನಲ್ಲಿ ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಾರೆ ಎಂದುಕೊಳ್ಳುತ್ತಿದ್ದೆ.

ಆ ವರ್ಷ ಹೆಂಡತಿಯ ಗಂಟಲಲ್ಲಿ ಗಡ್ಡೆಯೊಂದು ಕಾಣಿಸಿಕೊಂಡಿತು. ತಿರುವನಂತಪುರದ ದೊಡ್ಡ ಆಸ್ಪತ್ರೆಯ ಡಾಕ್ಟರು ಎರಡು ತಿಂಗಳಲ್ಲಿ ಆಪರೇಷನ್ ಮಾಡೋಣ ಎಂದರು. ಗಡ್ಡೆ ದನಿಯ ನರಕ್ಕೆ ಅಂಟಿಕೊಂಡಿದೆ, ದನಿ ಈಗಿನ ಹಾಗೇ ಉಳಿಯುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ನಾಲ್ಕು ವರ್ಷದ ಮಗಳು ನಮ್ಮ ಕನ್ನಡಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು ನಿಜ, ಆದರೆ ಅವಳಿಗೆ ನಿದ್ದೆ ಬರುತ್ತಿದ್ದದ್ದು ತಾಯಿಯ ತೊಟ್ಟಿಲ ಪದ ಕೇಳಿದರೆ ಮಾತ್ರ. ಆ ಪದಗಳು ಹೆಂಡತಿಗೆ ಅವಳ ಅಜ್ಜಿಯಿಂದ ಬಂದವು. ಎಲ್ಲೂ ಬರೆದಿಟ್ಟಿದ್ದಲ್ಲ. ಕತ್ತರಿ ತಾಗುವ ಮೊದಲು ಆ ದನಿಯನ್ನು ಮನೆಯ ಕಂಪ್ಯೂಟರಿನಲ್ಲಿ ಹಿಡಿದಿಡಬೇಕೆಂದು ನಿರ್ಧರಿಸಿದೆ. ಹಳೆಯ ಟೇಪ್ ರೆಕಾರ್ಡರು ಕ್ಯಾಸೆಟ್ ನುಂಗುತ್ತಿತ್ತು, ಅದನ್ನು ನಂಬುವ ಹಾಗಿರಲಿಲ್ಲ.

ಅವತ್ತು ಕೊಚ್ಚಿಗೆ ಮರಳುವ ರೈಲಿಗೆ ಇನ್ನೂ ಹೊತ್ತಿತ್ತು. ತಿರುವನಂತಪುರದ ತಂಪಾನೂರು ಸ್ಟೇಷನ್ ಎದುರಿನ ಗಲ್ಲಿಯಲ್ಲಿ ಮೈಕು, ಸ್ಪೀಕರು ಮಾರುವ ಅಂಗಡಿಯೊಂದು ಕಂಡಿತು. ಮಾಲೀಕ ನೆರೆತ ಮೀಸೆಯ ಮನುಷ್ಯ. ಗಾಜಿನ ಕಪಾಟಿನಲ್ಲಿ ಹೊಳೆಯುವ ದುಬಾರಿ ಮೈಕುಗಳಿದ್ದವು. ಅವನು ಮಾತ್ರ ಕೆಳಗಿನ ಖಾನೆಯಿಂದ ಕಪ್ಪು ಬಣ್ಣದ, ಕೈಲಿ ಹಿಡಿದು ಹಾಡುವ ಸಾದಾ ಮೈಕೊಂದನ್ನು ತೆಗೆದಿಟ್ಟ.

"ಸಾರೇ, ಇದು ಮದಿ," ಎಂದ. ಇಷ್ಟು ಸಾಕು ಅಂತ. ಆಮೇಲೆ ನನಗೆ ತಿಳಿಯುವ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ದುಬಾರಿ ಮೈಕು ಮನೆಯಲ್ಲಿಟ್ಟರೆ ಫ್ಯಾನು, ಕಾಗೆ, ಪಕ್ಕದ ಮನೆಯ ಕುಕ್ಕರು ಎಲ್ಲವೂ ಅದರೊಳಗೆ ಬಂದು ಕೂರುತ್ತವೆ. ಇದು ಬಾಯಿಯ ಹತ್ತಿರದ ದನಿಯನ್ನಷ್ಟೇ ಹಿಡಿಯುತ್ತದೆ. ಹೊಸಬರಿಗೆ ಇದೇ ಸರಿ.

ಅಗ್ಗದ್ದನ್ನು ಇಷ್ಟು ಹೊಗಳುವ ಅಂಗಡಿಯವನನ್ನು ನಾನು ಕಂಡಿರಲಿಲ್ಲ. ಏನೋ ಮಸಲತ್ತಿದೆ, ಮೂಲೆಗೆ ಬಿದ್ದ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಅನ್ನಿಸಿತು. ಮೈಕನ್ನು ತಿರುಗಿಸಿ ಮುರುಗಿಸಿ ನೋಡಿದೆ. ರಸೀದಿಯ ಮೇಲೆ ಮೊಹರು ಹಾಕಿಸಿಕೊಂಡೆ. ಹೆಂಡತಿ ನನ್ನ ತೋಳು ಜಗ್ಗಿ, "ಸಾಕ್ ಬರ್ರಿ, ಪಾಪ ಆ ಮನಿಷ್ಯಾನ್ನ ಕಳ್ಳನ್ನ ನೋಡಿದಂಗ ನೋಡಬ್ಯಾಡ್ರಿ," ಎಂದಳು.

ಮನೆಗೆ ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ ಗುಂಯ್ ಎಂಬ ಸದ್ದು. ನಾನು ಅಂದುಕೊಂಡದ್ದೇ ಆಯಿತು, ಟೋಪಿ ಹಾಕಿದ್ದ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಸಮಾಧಾನವೂ ಆಯಿತು.

ಅವಳು ಹಾಡಲು ಕೂತಳು. ಒಂದು ಸಾಲು ಮುಗಿಯುವಷ್ಟರಲ್ಲಿ ನಾನು ನಿಲ್ಲಿಸಿದೆ. ಮತ್ತೆ ಹಾಡಿದಳು, ಮತ್ತೆ ನಿಲ್ಲಿಸಿದೆ. ತಿಂಗಳಿಡೀ ಪ್ರತಿ ಭಾನುವಾರ ಇದೇ ಕಥೆ. "ಗುಂಯ್ ಅಂದ್ರ ಅನ್ನಲಿ. ನನ್ನ ದನಿ ಕೇಳಸ್ತದಲ್ಲ?" ಎಂದು ಅವಳು ಬೇಸತ್ತು ಹೇಳಿದಳು. ಕೆಟ್ಟ ರೆಕಾರ್ಡಿಂಗು ಇಟ್ಟುಕೊಂಡು ಏನು ಮಾಡುವುದು? ತಪ್ಪಿದ ವೋಚರನ್ನು ರದ್ದು ಮಾಡಿಯೇ ನನಗೆ ರೂಢಿ. ಅವಳು ಹಾಡಿದ್ದನ್ನೆಲ್ಲ ಅಲ್ಲಲ್ಲೇ ಅಳಿಸಿದೆ. ಉಳಿಸಿಕೊಂಡದ್ದು ಅಂಗಡಿಯವನ ಮುಖಕ್ಕೆ ಹಿಡಿಯಲು ಬೇಕಾದ ಪುರಾವೆ ಮಾತ್ರ. ನಾನೇ ಮೈಕಿನ ಮುಂದೆ ಕೂತು ಒಂದು, ಎರಡು, ಮೂರು ಎಂದು ಎಣಿಸಿ, ಗುಂಯ್ ಸದ್ದು ಚೆನ್ನಾಗಿ ಕೇಳುವಂತೆ ಮಾಡಿದ ಐದಾರು ತುಣುಕುಗಳು.

ಮುಂದಿನ ತಪಾಸಣೆಗೆ ಹೋಗುವಾಗ ಅವನ್ನು ಸಿ.ಡಿ.ಗೆ ಹಾಕಿಕೊಂಡು, ಮೈಕನ್ನೂ ಚೀಲದಲ್ಲಿಟ್ಟುಕೊಂಡು, ರೈಲಿನುದ್ದಕ್ಕೂ ಬೈಗುಳ ಹೊಂದಿಸುತ್ತ ಹೋದೆ. ಅಂಗಡಿಯವನು ಜಗಳವಾಡಲಿಲ್ಲ. ಸಿ.ಡಿ. ಪೂರ್ತಿ ಕೇಳಿದ. ಅದೇ ಮೈಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಕೆಮ್ಮಿದ. ಕೆಮ್ಮು ಸ್ವಚ್ಛವಾಗಿ ಕೇಳಿತು. ಬೇರೇನೂ ಸದ್ದಿಲ್ಲ.

"ಸಾರ್, ನಿಮ್ಮ ಮನೆಯ ಪ್ಲಗ್ಗಿಗೆ ಅರ್ತಿಂಗ್ ಇದೆಯಾ? ಅದಿಲ್ಲದಿದ್ದರೆ ಹೀಗೇ ಗುಂಯ್ ಅನ್ನುತ್ತದೆ," ಎಂದ.

ಇರಲಿಲ್ಲ. ಬಾಡಿಗೆ ಮನೆಯ ಗೋಡೆಯಲ್ಲಿ ಎರಡೇ ತೂತು. ಕಂಪ್ಯೂಟರಿನ ಮೂರು ಪಿನ್ನಿನ ಪ್ಲಗ್ಗನ್ನು ತೆಗೆದು ಎರಡು ಪಿನ್ನಿನದನ್ನು ಹಾಕಿದವನು ನಾನೇ. ಎಲೆಕ್ಟ್ರಿಷಿಯನ್ ಬಂದರೆ ಸುಲಿಯುತ್ತಾನೆಂದು ನಾನೇ ಕೂತು ಮಾಡಿದ ಕೆಲಸ. ಬೈಗುಳವೆಲ್ಲ ಬಾಯಲ್ಲೇ ಒಣಗಿತು. ಈ ಭಾನುವಾರ ಎಲ್ಲ ಸರಿಯಾಗಿ ಮಾಡೋಣ ಎಂದು ಹೆಂಡತಿಗೆ ಹೇಳಿದೆ.

ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಮನೆಗೆ ಬಿಡಲಿಲ್ಲ. ಗಡ್ಡೆ ಬೆಳೆದಿದೆ, ಇವತ್ತೇ ಸೇರಿಸಿ ಎಂದರು. ಮೂರನೆಯ ದಿನ ಆಪರೇಷನ್ ಆಯಿತು. ಮೈಕು ಅವಳ ಮಂಚದ ಕೆಳಗೆ ಚೀಲದಲ್ಲೇ ಇತ್ತು. ಜೀವ ಉಳಿಯಿತು, ಅದೇ ದೊಡ್ಡದು. ದನಿ ಮಾತ್ರ ಒಡೆದುಹೋಯಿತು. ಮಾತಾಡಬಲ್ಲಳು, ಹಾಡಲು ಹೋದರೆ ಬರೀ ಗಾಳಿ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಹುಡುಕಾಡುತ್ತಿದ್ದಾಗ ನನ್ನ ಪುರಾವೆಗಳು ಸಿಕ್ಕವು. ಹಾಕಿದೆ. ಒಂದು, ಎರಡು, ಮೂರು, ಗುಂಯ್. ಎಲ್ಲವೂ ಹೀಗೇ. ಕೊನೆಯ ತುಣುಕಿನಲ್ಲಿ ಮಾತ್ರ ನನ್ನ ಎಣಿಕೆಯ ಹಿಂದೆ, ತೀರ ಸಣ್ಣಗೆ, ಹೆಂಡತಿ ತನ್ನಷ್ಟಕ್ಕೆ ತೊಟ್ಟಿಲ ಪದ ಎತ್ತಿಕೊಂಡಿದ್ದಳು. ಅರ್ಧ ಸಾಲು. ಅಷ್ಟರಲ್ಲಿ ನನ್ನ ದನಿ: "ತಡಿ, ಸ್ವಲ್ಪ ಸುಮ್ಮನಿರು."

ಮಗಳು ನನ್ನ ಕುರ್ಚಿಗೆ ಒರಗಿ ಕೇಳುತ್ತಿದ್ದಳು. ಇದು ಯಾರು ಹಾಡುತ್ತಿರುವುದು ಎಂದು ಮಲಯಾಳದಲ್ಲಿ ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಹೆಂಡತಿಯೇ ಆ ಒಡಕು ದನಿಯಲ್ಲಿ ಹೇಳಿದಳು: "ಯಾರೋ ಒಬ್ಬಾಕಿ. ನಿಮ್ಮಪ್ಪ ಹಾಡಾಕ ಬಿಡ್ಲಿಲ್ಲ ಆಕಿನ್ನ."