ಹುಣಸೆಹುಳಿ ಮುಟ್ಟಿದ ತಾಮ್ರ

ಗಲ್ಫಿನಲ್ಲಿ, ಅಲ್ ಬರ್ಷಾದ ನಮ್ಮ ಎದುರು ಫ್ಲ್ಯಾಟಿನಲ್ಲಿ ಒಬ್ಬ ಫ್ರೆಂಚ್ ಹೆಂಗಸು ಇದ್ದಳು. ಅವಳ ಊರು ನಾರ್ಮಂಡಿ ಕಡೆಯ ಒಂದು ಸಣ್ಣ ಪೇಟೆ. ಅಲ್ಲಿ ತಲೆತಲಾಂತರದಿಂದ ತಾಮ್ರದ ಪಾತ್ರೆ ಬಡಿಯುತ್ತಾರಂತೆ. ಬೆಳಗಾದರೆ ಊರಿಡೀ ಸುತ್ತಿಗೆಯ ಸದ್ದು ಎಂದು ಲಿಫ್ಟಿಗೆ ಕಾಯುವಾಗಲೆಲ್ಲ ಹೇಳುತ್ತಿದ್ದಳು. ಲಿಫ್ಟ್ ಬೇಗ ಬರಲಿ ಎಂದು ನಾನು ಬೇಡಿಕೊಂಡದ್ದೂ ಉಂಟು.

ಆ ವರ್ಷ ಮಗಳ ಶಾಲೆಯಲ್ಲಿ ದೇಶದೇಶದ ಹಳೆಯ ವಸ್ತುಗಳ ಪ್ರದರ್ಶನ. ಇವಳ ಪಾಲಿಗೆ ಫ್ರಾನ್ಸ್ ಬಂತು. ಕೇಳಿದ್ದೇ ತಡ, ಎದುರುಮನೆಯವಳು ತನ್ನ ಅಜ್ಜಿ ಜಾಮ್ ಕುದಿಸುತ್ತಿದ್ದ ತಾಮ್ರದ ಪಾತ್ರೆ ತಂದುಕೊಟ್ಟಳು. ಅಗಲ ಬಾಯಿ, ಎರಡು ಕಿವಿ, ಮೈತುಂಬ ಕಪ್ಪು. ಅಜ್ಜಿ ಹೋದ ಮೇಲೆ ಇದನ್ನು ಯಾರೂ ಮುಟ್ಟಿಲ್ಲ, ಜೋಪಾನ ಎಂದಳು.

ಆಗ ಅಮ್ಮ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದಳು. ಶುಕ್ರವಾರ ಬೆಳಿಗ್ಗೆ ನಾನೂ ಮಗಳೂ ಚಾರ್ಟ್ ಪೇಪರ್ ತರಲು ಮಾಲಿಗೆ ಹೋದೆವು. ಮರಳಿ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಆ ಪಾತ್ರೆ ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಹಿಂಡಿದ ಹುಣಸೆಹುಳಿ, ಉಪ್ಪು. ಕಪ್ಪು ಹಿಡಿದ ಪಾತ್ರೆಯನ್ನು ನಾಲ್ಕು ಜನರೆದುರು ಇಡುವುದುಂಟೇ ಎಂಬುದು ಅಮ್ಮನ ವಾದ.

ಹಳೆಯ ಲೋಹಕ್ಕೆ ಹಿಡಿದ ಕಪ್ಪನ್ನೇ ಬೆಲೆಬಾಳುವುದೆಂದು ಜನ ಕಾಪಾಡುತ್ತಾರೆ, ತಿಕ್ಕಿದರೆ ಮುಗಿಯಿತು ಎಂದು ಎಲ್ಲೋ ಓದಿದ್ದೆ. ಒಬ್ಬಳ ಅಜ್ಜಿಯ ಕೈಯ ಗುರುತನ್ನು ನಮ್ಮ ಮನೆಯ ಹುಳಿ ತೊಳೆದುಹಾಕಿತ್ತು.

“ನಿಂಗೆ ಒಂದು ದಿನ ಸುಮ್ನೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ಅಮ್ಮ?” ಎಂದೆ. ಮಗಳೆದುರು, ಗಟ್ಟಿಯಾಗಿಯೇ.

ಅಮ್ಮ ಕೈ ತೊಳೆದು ಕೋಣೆಗೆ ಹೋದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಆ ಹೊತ್ತಿಗೆ ನನಗೆ ಪಾತ್ರೆಗಿಂತ ಆಡಿದ ಮಾತೇ ಹೆಚ್ಚು ಕುಟುಕುತ್ತಿತ್ತು. ಆದರೂ ಹೋಗಿ ತಪ್ಪಾಯಿತು ಎನ್ನಲಿಲ್ಲ. ಹಟಮಾರಿತನ ನನಗೆ ತವರಿನಿಂದಲೇ ಬಂದ ಬಳುವಳಿ.

ಸಂಜೆ ಧೈರ್ಯ ಮಾಡಿ ಎದುರು ಬಾಗಿಲು ತಟ್ಟಿ, ಅವಳನ್ನು ಕರೆತಂದು ಪಾತ್ರೆ ತೋರಿಸಿದೆ. ಅವಳು ಅದನ್ನೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ಬೋರಲು ಹಾಕಿದಳು. ಕಿವಿಯ ಬುಡದಲ್ಲಿ ಬೆರಳು ನಿಂತಿತು. ಅಲ್ಲಿ ಕಾಳಿನಷ್ಟು ಚಿಕ್ಕ ಮುದ್ರೆ: ಒಂದು ಗಂಟೆಯ ಚಿತ್ರ, ಎರಡು ಅಕ್ಷರ. ಬೆಳಿಗ್ಗೆಯವರೆಗೂ ಅದು ಕಪ್ಪಿನಡಿ ಮುಚ್ಚಿಹೋಗಿತ್ತು.

“ಇದು ನನ್ನ ಅಜ್ಜನ ಮುದ್ರೆ,” ಎಂದಳು ಇಂಗ್ಲಿಷಿನಲ್ಲಿ. “ಅವರೇ ಬಡಿದದ್ದು ಅಂತ ಅಮ್ಮ ಹೇಳ್ತಿದ್ದಳು. ನಾನು ನಂಬಿರಲಿಲ್ಲ.”

ಅವಳ ಊರಿನಲ್ಲಿ ಜಾಮ್ ಕುದಿಸುವ ಮುನ್ನ ಪ್ರತಿ ಬೇಸಿಗೆಯೂ ವಿನೆಗರ್, ಉಪ್ಪು ಹಾಕಿ ಇದನ್ನು ತಿಕ್ಕಲೇಬೇಕಂತೆ. ಅಜ್ಜಿ ಬದುಕಿರುವ ತನಕ ಇದು ಕಪ್ಪಾದದ್ದೇ ಇಲ್ಲ. ಕಪ್ಪು ಅಜ್ಜಿಯದಲ್ಲ, ತನ್ನ ಸೋಮಾರಿತನದ್ದು ಎಂದು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು. ತಿಕ್ಕಿದವರು ಯಾರು ಎಂದು ಕೇಳಿದಳು.

ಕೋಣೆಯಿಂದ ಅಮ್ಮನನ್ನು ಕರೆದೆ. ಅವಳು ಹೊಸ್ತಿಲಲ್ಲೇ ನಿಂತಳು. ಫ್ರೆಂಚ್ ಹೆಂಗಸು ಅಮ್ಮನ ಎರಡೂ ಕೈ ಹಿಡಿದು, ಬೆರಳ ತುದಿಯ ಕಪ್ಪನ್ನು ನೋಡಿ, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನಾನು ಅದರ ಅರ್ಥ ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ.

ಅವಳು ಹೋದ ಮೇಲೆ, ತಪ್ಪಾಯ್ತಮ್ಮ ಎಂದೆ. ಅಮ್ಮ ಕುರ್ಚಿ ಎಳೆದು ಕೂತಳು.

“ಹಸಿವಾಗ್ತಾ ಉಂಟು,” ಎಂದಳು. “ಅನ್ನ ಬಡಿಸು.”